ಎಂಟುನೂರು ಗ್ರಾಮಿನ ಜಾಗ

"ಜಾಗ ಇಲ್ಲ."

ಅಷ್ಟೇ! ಎರಡೇ ಶಬ್ದ. ಅದೂ ಮುಖ ಎತ್ತದೆ, ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ.

ನವ್ಯಶ್ರೀಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಒಂದು ಕ್ಷಣ ಅನುಮಾನವಾಯಿತು. ಎದೆಗೆ ಅವಚಿಕೊಂಡಿದ್ದ ಕಂದು ಕಾಗದದ ಕಟ್ಟನ್ನು ಮುಂದೆ ಚಾಚಿ, ಇನ್ನೊಮ್ಮೆ ನಗುಮುಖ ಮಾಡಿದಳು.

"ಹೆಚ್ಚೇನಿಲ್ಲ ರೋಹಿದಾಸ್... ತೂಕ ನೋಡಿದ್ದೇನೆ. ಬರೇ ಎಂಟುನೂರು ಗ್ರಾಮು."

"ಎಂಟುನೂರು ಗ್ರಾಮಿಗೂ ಜಾಗ ಇಲ್ಲ ಟೀಚರ್."

"ಬಟ್ಟೆಯ ಮಧ್ಯ ತುರುಕಿದ್ರೆ ಗೊತ್ತೂ ಆಗುವುದಿಲ್ಲ!"

"ಬಟ್ಟೆಗೂ ಜಾಗ ಇಲ್ಲ."

ಆಗ ಅವನು ಮುಖ ಎತ್ತಿದ. ಕಪ್ಪು ಕಣ್ಣುಗಳು, ಬಿಸಿಲಿಗೆ ಸುಟ್ಟ ಮುಖ. ಆ ಕಣ್ಣುಗಳಲ್ಲಿ ಏನೋ ಹೇಳಲಿಕ್ಕಿತ್ತು. ಆದರೆ ಹೇಳಲಿಲ್ಲ. ಮತ್ತೆ ತಲೆ ತಗ್ಗಿಸಿ ಮುಂದಿನ ಕುರ್ಚಿ ಎತ್ತಿಕೊಂಡ.

ಕುವೈತಿನ ಅಬ್ಬಾಸಿಯಾದಲ್ಲಿರುವ ನಮ್ಮ ಕನ್ನಡಿಗರ ಸಂಘದ ಹಾಲಿನಲ್ಲಿ ಶುಕ್ರವಾರದ ನಾಟಕದ ರಿಹರ್ಸಲ್ ಮುಗಿದು, ಇಪ್ಪತ್ತು ಜನ ಚಹಾ ಕುಡಿಯುತ್ತಿದ್ದರು. ಇಪ್ಪತ್ತು ಜನರ ನಲವತ್ತು ಕಿವಿಗಳೂ ಇತ್ತಲೇ ಇದ್ದವು. ನವ್ಯಶ್ರೀಯ ಕೆನ್ನೆ ಉರಿಯಿತು. ಛೆ... ಇಷ್ಟು ಜನರ ಎದುರು!

"ನಾನು ಮೊದಲೇ ಹೇಳಿರ್ಲಿಲ್ವಾ?" ಅತ್ತಿಗೆ ಸುಗಂಧಿ ಕೈ ಹಿಡಿದು ಎಳೆದುಕೊಂಡು ಹೋದಳು. "ಅವನ ಹತ್ರ ಕೇಳುವುದೂ ಒಂದೇ, ಗೋಡೆ ಹತ್ರ ಕೇಳುವುದೂ ಒಂದೇ. ಆರು ವರ್ಷದಲ್ಲಿ ಯಾರದ್ದಾದ್ರೂ ಒಂದು ಪೊಟ್ಟಣ ಊರಿಗೆ ಹಿಡ್ಕೊಂಡು ಹೋಗಿದ್ದಾನಾ? ಎಂಥ ಮನುಷ್ಯ ಮಾರಾಯ್ತಿ!"

ಓದುಗರೇ, ನೀವು ಗಲ್ಫಿನಲ್ಲಿ ಇದ್ದವರಲ್ಲವಾದರೆ ಇದರಲ್ಲಿ ಏನು ಮಹಾ ಅಪರಾಧ ಎಂದು ಕೇಳಬಹುದು. ಇಲ್ಲೇ ಹೇಳಿಬಿಡುತ್ತೇನೆ. ಕುವೈತಿನಲ್ಲಿ ಒಬ್ಬ ಊರಿಗೆ ಟಿಕೆಟ್ ಮಾಡಿಸಿದ ಸುದ್ದಿ ಹೊರಬಿತ್ತೆಂದರೆ, ವಿಮಾನದಲ್ಲಿ ಒಯ್ಯಲು ಬಿಡುವ ಅವನ ಮೂವತ್ತು ಕಿಲೋ ಅವನದಲ್ಲ. ಒಬ್ಬರ ಅಮ್ಮನಿಗೆ ಮಂಡಿನೋವಿನ ಮುಲಾಮು, ಇನ್ನೊಬ್ಬರ ಮಗುವಿಗೆ ಗೊಂಬೆ, ಮತ್ತೊಬ್ಬರ ಮಾವನಿಗೆ ಅತ್ತರು. ಬರುವಾಗ ಅದೇ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಒಣಮೀನು, ಹಪ್ಪಳ. ಯಾರೂ "ಆಗುವುದಿಲ್ಲ" ಎನ್ನುವುದಿಲ್ಲ. ಹಾಗೆ ಅಂದವನನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ.

ಹೀಗಾಗಿ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ತೋಟದ ಪೈಪು, ಪ್ಲಾಸ್ಟಿಕ್ ಹಾಳೆ ಮಾರುವ ಈ ರೋಹಿದಾಸನಿಗೆ ಸಂಘದಲ್ಲಿ ಒಂದು ಅಡ್ಡ ಹೆಸರಿತ್ತು: "ಜಾಗ ಇಲ್ಲ". ಕುರ್ಚಿ ಪೇರಿಸಲು, ಸ್ಪೀಕರ್ ಹೊರಲು, ಸ್ಟೇಜು ಕಟ್ಟಲು ಮಾತ್ರ ಎಲ್ಲರಿಗೂ ಅವನ ನಿಜವಾದ ಹೆಸರು ನೆನಪಾಗುತ್ತಿತ್ತು.

"ಎಂತ ಆಯ್ತು ನವ್ಯಾ? ಮುಖ ಯಾಕೆ ಸಣ್ಣ ಆಗಿದೆ?"

ಬಂದ! ನಮ್ಮ ಹರ್ಷಿತ್ ಬಂದ. ಇಸ್ತ್ರಿ ಮುರಿಯದ ಶರ್ಟು, ಒಳ್ಳೆಯ ಪರಿಮಳ, ಸಂಘದ ಜೊತೆ ಕಾರ್ಯದರ್ಶಿ, ಎಂಥ ಸಜ್ಜನ! ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ. ಮೈಕು ಕಂಡರೆ ಪರೋಪಕಾರದ ಮೇಲೆ ಹತ್ತು ನಿಮಿಷ ಮಾತಾಡದೆ ಬಿಡುವುದಿಲ್ಲ. ಇಂಥವನನ್ನು ಹೊಗಳಲು ನನ್ನಲ್ಲಿ ಶಬ್ದಗಳೇ ಸಾಲುವುದಿಲ್ಲ, ಆದ್ದರಿಂದ ಮುಂದೆ ಹೋಗುತ್ತೇನೆ.

"ಇಷ್ಟೇನಾ? ಕೊಡಿ ಇಲ್ಲಿ!" ಅವನು ಕಟ್ಟನ್ನು ಎರಡೂ ಕೈಯಿಂದ ತೆಗೆದುಕೊಂಡ. "ನಾನೂ ರೋಹಿದಾಸ್ ಹೋಗುವ ಫ್ಲೈಟಲ್ಲೇ ಊರಿಗೆ ಹೋಗ್ತಾ ಇದ್ದೇನೆ. ನಿಮ್ಮ ರಿಪೋರ್ಟು ಅಂದ್ರೆ ನನಗೆ ಪ್ರಸಾದ ಇದ್ದ ಹಾಗೆ. ನಾನೇ ಸ್ವತಃ ಮಂಗಳೂರಿನ ಸೆಂಟರಿಗೆ ಹೋಗಿ ಕೊಡ್ತೇನೆ."

"ಮೂವತ್ತನೇ ತಾರೀಕಿನ ಒಳಗೆ ಹರ್ಷಿತ್... ತಪ್ಪಿದ್ರೆ ನನ್ನ ಎಂ.ಎ. ಅಲ್ಲಿಗೆ ಮುಗೀತು. ರಿಜಿಸ್ಟ್ರೇಶನ್ನಿನ ಅವಧಿ ಇದೇ ಕೊನೆ."

"ಪ್ರಾಮಿಸ್!"

ಅತ್ತಿಗೆ ಕಣ್ಣರಳಿಸಿ ನಾದಿನಿಯ ಕಡೆ ನೋಡಿದಳು. ಹರ್ಷಿತನ ಮನೆಯವರು ಸಂಬಂಧ ಕೇಳಿ ಮೂರು ತಿಂಗಳಾಗಿತ್ತು. ನವ್ಯಶ್ರೀ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. "ತುಂಬ ಚಂದ ಮಾತಾಡ್ತಾರೆ ಅತ್ತಿಗೆ, ಅದಕ್ಕೇ ಒಂಚೂರು ಹೆದರಿಕೆ" ಎಂದಿದ್ದಳು.

ಇವತ್ತು ಮಾತ್ರ ಅವಳಿಗೆ ಅನ್ನಿಸಿತು... ಚಂದ ಮಾತಾಡುವವರೇ ಲೇಸು. ಒರಟು ಮಾತಿನವರಿಗೆ ಏನು ಕೋಡು ಬಂದಿದೆ?

ಕೊರಿಯರ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಬಹುದಿತ್ತು! ಆದರೆ ಊರಿಗೆ ಹೋಗುವವರು ಕಣ್ಣೆದುರೇ ಇರುವಾಗ ಕೊರಿಯರ್ ಅಂಗಡಿ ಹುಡುಕುವುದು ನಮ್ಮವರ ಜಾಯಮಾನದಲ್ಲೇ ಇಲ್ಲ.

ಇನ್ನು ಆ ಕಟ್ಟಿನೊಳಗೆ ಏನಿತ್ತು ಎನ್ನುವುದನ್ನು ಕೇಳಿದರೆ ನಿಮಗೆ ನಗು ಬರುತ್ತದೆ.

ಇನ್ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಬರೆದ ಒಂದು ಹಾಸ್ಯ ಕಾದಂಬರಿಯ ಮೇಲೆ ದೂರಶಿಕ್ಷಣದ ಎಂ.ಎ.ಗೆಂದು ಎಂಬತ್ತನಾಲ್ಕು ಪುಟಗಳ ಪ್ರಬಂಧ. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಹುಡುಕಲು ಹೊರಟು ನನ್ನ ಕಥೆಯನ್ನು ಅರ್ಧಕ್ಕೆ ಬಿಡುತ್ತೀರಿ. ಅದರಲ್ಲಿ ಕಥೆ ಹೇಳುವವನೊಬ್ಬ ಇದ್ದಾನೆ, ಮಹಾ ತುಂಟ. ಕೆಟ್ಟವರನ್ನು ಬಾಯಿ ತುಂಬ ಹೊಗಳುತ್ತಾನೆ, ಒಳ್ಳೆಯವರನ್ನು ಒಂದೇ ಸಾಲಿನಲ್ಲಿ ಬೈದು ಮುಂದೆ ಹೋಗುತ್ತಾನೆ. ಅದರ ನಲವತ್ತೊಂದನೇ ಅಧ್ಯಾಯದಲ್ಲಿ ನೆರೆ ಬಂದ ಹೊಳೆಯ ದಂಡೆಯಲ್ಲಿ ನಿಂತು ಒಬ್ಬ ದೊಡ್ಡ ಮನುಷ್ಯ ದಯೆ, ದಾಕ್ಷಿಣ್ಯ ಎಂದು ಐದು ಪುಟ ಭಾಷಣ ಮಾಡುತ್ತಾನೆ. ಅಷ್ಟರಲ್ಲಿ ದೋಣಿಯವನೊಬ್ಬ ಎಲ್ಲರಿಗೂ ಬೈಯುತ್ತ, ಒಬ್ಬೊಬ್ಬರನ್ನೇ ಆಚೆ ದಡಕ್ಕೆ ದಾಟಿಸಿ ಮುಗಿಸಿರುತ್ತಾನೆ. ಅವನ ಹೆಸರು ಕೂಡ ಪುಸ್ತಕದಲ್ಲಿಲ್ಲ.

ನವ್ಯಶ್ರೀ ಬರೆದದ್ದು ಇದನ್ನೇ. ಹೇಳುವವನ ಮಾತನ್ನು ನಂಬಬೇಡಿ, ಪಾತ್ರಗಳ ಕೈ ಏನು ಮಾಡುತ್ತಿದೆ ನೋಡಿ, ಶೀಲ ಇರುವುದು ಅಲ್ಲಿ! ಎರಡು ವರ್ಷ, ದಿನವೂ ಶಾಲೆಯಲ್ಲಿ ಪಾಠ ಮುಗಿಸಿ ಬಂದು, ಅಣ್ಣ ಅತ್ತಿಗೆಯ ಫ್ಲ್ಯಾಟಿನ ಡೈನಿಂಗ್ ಟೇಬಲ್ಲಿನ ಮೇಲೆ ಕುಳಿತು ಬರೆದಿದ್ದಳು. ಎಷ್ಟು ಬುದ್ಧಿವಂತೆ ನೋಡಿ ನಮ್ಮ ಹುಡುಗಿ!

ಅದೇ ಬುದ್ಧಿವಂತೆ ಆ ಸಂಜೆ ಸಿಟ್ಟಿನಲ್ಲಿ ಕುದಿಯುತ್ತ ಮೊಬೈಲು ಹಿಡಿದಳು. ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ಪುಟ್ಟ ಹಾಸ್ಯ ಲೇಖನ ಬರೆದಳು. ತಲೆಬರಹ: 'ಜಾಗವಿಲ್ಲದ ಮಹಾನುಭಾವರು'.

"ಇವರ ಪೆಟ್ಟಿಗೆಯಲ್ಲಿ ಇವರ ಗತ್ತೇ ಮೂವತ್ತು ಕಿಲೋ ತೂಗುವುದರಿಂದ ಬೇರೆಯವರ ಪೊಟ್ಟಣಕ್ಕೆ ಎಡೆಯಿಲ್ಲ. ಇವರು ಊರಿಗೆ ಹೋಗುವುದು ಊರಿನ ಪುಣ್ಯ, ತಿರುಗಿ ಬರುವುದು ನಮ್ಮ ಪುಣ್ಯ..."

ಹೆಸರು ಹಾಕಿರಲಿಲ್ಲ. ಹಾಕಬೇಕೇ? ಐದು ನಿಮಿಷದಲ್ಲಿ ನಗುವ ಮುಖಗಳ ಮಳೆ! "ಸೂಪರ್ ಟೀಚರ್!" "ವಾರ್ಷಿಕೋತ್ಸವದಲ್ಲಿ ಇದನ್ನೇ ಓದಿ!" ನವ್ಯಶ್ರೀಗೆ ಖುಷಿಯೋ ಖುಷಿ.

ಕೊನೆಗೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರವೊಂದು ಬಂತು. ರೋಹಿದಾಸ.

ಅವಳ ನಗು ಯಾಕೋ ಅಲ್ಲಿಗೇ ನಿಂತಿತು. ಒಂದು ಜಗಳದ ಮಾತಾದರೂ ಬರೆಯಬಾರದಿತ್ತೇ ಈ ಮನುಷ್ಯ? ಛೆ, ನನಗೇನು... ಎಂದು ಮೊಬೈಲು ಬೋರಲು ಹಾಕಿ ಮಲಗಿದಳು.

*

ಈಗ ನಾನು ನಿಮ್ಮನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗುತ್ತೇನೆ. ನವ್ಯಶ್ರೀ ಅಲ್ಲಿಲ್ಲ, ಪಾಪ. ಅವಳು ಶಾಲೆಯಲ್ಲಿ ಆರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಳೆ. ಆದ್ದರಿಂದ ಇಲ್ಲಿ ನಡೆದದ್ದು ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಹರ್ಷಿತನ ಪೆಟ್ಟಿಗೆ ತೂಕದ ಯಂತ್ರದ ಮೇಲೆ ಕುಳಿತಿತ್ತು. ಮುಕ್ಕಾಲು ಕಿಲೋ ಹೆಚ್ಚು!

ಅವನು ಪೆಟ್ಟಿಗೆ ಬಿಚ್ಚಿದ. ಸಂಘದ ಅಧ್ಯಕ್ಷರ ಅತ್ತರಿನ ಸೆಟ್ಟು... ಅದನ್ನು ಮುಟ್ಟುವುದುಂಟೇ? ಮ್ಯಾನೇಜರರ ಹೆಂಡತಿಯ ತಾಯಿಗೆ ಮಿಕ್ಸಿ... ಶಿವ ಶಿವ! ಎಲ್ಲ ನೋಡಿ ನೋಡಿ, ಕೊನೆಗೆ ಕಂದು ಕಾಗದದ ಕಟ್ಟೊಂದನ್ನು ಎತ್ತಿ, ಬಿಡಲು ಬಂದಿದ್ದ ಗೆಳೆಯನಿಗೆ ಕೊಡಲು ಕೈ ಚಾಚಿದ.

"ಅದು ಟೀಚರ್ ರಿಪೋರ್ಟ್ ಅಲ್ವಾ?"

ಸಾಲಿನಲ್ಲಿ ಅವನ ಹಿಂದೆಯೇ ರೋಹಿದಾಸ ನಿಂತಿದ್ದ.

"ಹೌದು ಮಾರಾಯ. ಓವರ್‌ವೇಟ್. ಮತ್ತೆ ಯಾರ ಹತ್ರವಾದ್ರೂ ಕಳಿಸಿದ್ರೆ ಆಯ್ತು."

"ಮೂವತ್ತಕ್ಕೆ ಕೊಡ್ಲಿಕ್ಕೆ ಉಂಟಲ್ಲ."

"ಎಂತ ಮಾಡುವುದು? ನಿನ್ನ ಹತ್ರ ಅಂತೂ ಜಾಗ ಇಲ್ಲ!" ಹರ್ಷಿತ್ ನಕ್ಕ.

ರೋಹಿದಾಸ ನಗಲಿಲ್ಲ. ತನ್ನ ಕೈಚೀಲದ ಜಿಪ್ಪು ಎಳೆದ. ಒಳಗೆ ಪೊಟ್ಟಣಗಳ ಮೇಲೆ ಪೊಟ್ಟಣ, ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಬರೆದ ಒಂದೊಂದು ಹೆಸರು. ಅವನದು ಎನ್ನುವುದು ಎರಡು ಶರ್ಟು, ಮೈ ಒರೆಸುವ ಒಂದು ಬೈರಾಸು. ಆ ಎರಡೂ ಶರ್ಟುಗಳನ್ನು ಹಾಕಿಕೊಂಡಿದ್ದ ಶರ್ಟಿನ ಮೇಲೆಯೇ ಏರಿಸಿದ. ಬೈರಾಸನ್ನು ಕೊರಳಿಗೆ ಸುತ್ತಿದ. ಕೌಂಟರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಕೊಡಿ."

"ಗ್ರೇಟ್ ಮಾರಾಯ ನೀನು! ಆದ್ರೆ ನವ್ಯಾಗೆ ಹೇಳ್ಬೇಡ, ಆಯ್ತಾ? ಸುಮ್ಮನೆ ಟೆನ್ಶನ್ ಮಾಡ್ಕೊಳ್ತಾರೆ."

"ಹೇಳುವುದಿಲ್ಲ," ಎಂದ ರೋಹಿದಾಸ. ಮೂರು ಶರ್ಟಿನೊಳಗೆ ಬೆವರುತ್ತ ವಿಮಾನ ಹತ್ತಿದ.

ವಾರದ ನಂತರ ನವ್ಯಶ್ರೀಯ ಮೊಬೈಲಿಗೆ ಹರ್ಷಿತನ ಸಂದೇಶ ಬಂತು. "ನವ್ಯಾ, ರಿಪೋರ್ಟು ಸಬ್‌ಮಿಟ್ ಆಯ್ತು. ಇನ್ನು ಆರಾಮಾಗಿ ನಿದ್ದೆ ಮಾಡಿ." ಕೊಟ್ಟದ್ದು ಯಾರು ಎನ್ನುವ ಸಣ್ಣ ವಿಷಯ ಬಿಟ್ಟುಹೋಗಿತ್ತು. ಪುರುಸೊತ್ತು ಇರಲಿಲ್ಲವೇನೋ!

ನವ್ಯಶ್ರೀಯ ಕಣ್ಣು ತುಂಬಿ ಬಂತು. ಎಷ್ಟು ಒಳ್ಳೆಯವರು... ನಾನೇ ಸುಮ್ಮನೆ ಅನುಮಾನ ಪಟ್ಟೆ.

"ಈಗ ಆದ್ರೂ ಒಪ್ತೀಯಾ?" ಅತ್ತಿಗೆ ಪಕ್ಕದಲ್ಲಿ ಬಂದು ಕುಳಿತಳು. "ಅವ ಬುಧವಾರ ಬರ್ತಾನೆ. ಶುಕ್ರವಾರ ಊಟಕ್ಕೆ ಕರೀತೇನೆ. ಅವತ್ತೇ ಮಾತು ಕೊಟ್ಟುಬಿಡುವಾ. ಊರಿಗೂ ಫೋನು ಮಾಡಿ ಹೇಳುವಾ."

ನವ್ಯಶ್ರೀ ಕಿಟಕಿಯ ಹೊರಗೆ ನೋಡಿದಳು. ದೂಳು ಎದ್ದು ಎದುರಿನ ಕಟ್ಟಡಗಳೆಲ್ಲ ಮಸುಕಾಗಿದ್ದವು. ಯಾಕೋ ಎದೆಯೊಳಗೆ ಒಂದು ಕಡೆ ಖಾಲಿ ಖಾಲಿ... ಆದರೆ ಮಾಡಿದ ಉಪಕಾರಕ್ಕೆ ಎದುರು ಹೇಳುವುದಾದರೂ ಏನು?

"ಸರಿ ಅತ್ತಿಗೆ. ಶುಕ್ರವಾರ ಹೇಳ್ತೇನೆ."

ಅಯ್ಯೋ ಹುಡುಗೀ! ಎಂಬತ್ತನಾಲ್ಕು ಪುಟ ಬರೆದವಳು ನೀನೇ ಅಲ್ಲವೇ?

*

ಗುರುವಾರ ಮಧ್ಯಾಹ್ನ. ಕೊನೆಯ ಪೀರಿಯಡ್ ಮುಗಿದು ಸ್ಟಾಫ್ ರೂಮಿನಲ್ಲಿ ಮಕ್ಕಳ ಕಾಪಿ ತಿದ್ದುತ್ತಿದ್ದಾಗ ಮಂಗಳೂರಿನ ಅಧ್ಯಯನ ಕೇಂದ್ರದಿಂದ ಈಮೇಲ್ ಬಂತು. ಪ್ರಬಂಧ ಸ್ವೀಕರಿಸಲಾಗಿದೆ, ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲಿ. ಜೊತೆಗೆ ಪುರಾವೆಗೆ ರಿಜಿಸ್ಟರಿನ ಪುಟದ ಫೋಟೋ.

ನವ್ಯಶ್ರೀ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದಳು.

ಅಭ್ಯರ್ಥಿ: ನವ್ಯಶ್ರೀ. ತಾರೀಕು: ಇಪ್ಪತ್ತನಾಲ್ಕು. ತಂದುಕೊಟ್ಟವರು: ರೋಹಿದಾಸ.

ಏನು?!

ಮತ್ತೆ ನೋಡಿದಳು. ದುಂಡನೆಯ, ಶಾಲೆಯ ಹುಡುಗನಂಥ ಕೈಬರಹ. ರೋಹಿದಾಸ. ಅದರ ಪಕ್ಕದ ಕಾಲಂ... ಅಭ್ಯರ್ಥಿಗೆ ಸಂಬಂಧ. ಮೇಲಿನ ಸಾಲುಗಳಲ್ಲಿ ತಂದೆ, ಅಣ್ಣ, ಗಂಡ, ಗಂಡ, ಚಿಕ್ಕಪ್ಪ ಎಂದೆಲ್ಲ ಇತ್ತು. ಇವಳ ಸಾಲಿನಲ್ಲಿ ಒಂದೇ ಶಬ್ದ.

ಓದುಗ.

ನವ್ಯಶ್ರೀ ತಿದ್ದುವ ಪೆನ್ನು ಕೆಳಗಿಟ್ಟಳು. ಓದುಗ? ಓದಿದ್ದಾರೆಯೇ? ಜಾಗವಿಲ್ಲ ಅಂದವರು... ನಾನು ಊರೆಲ್ಲ ನಗುವ ಹಾಗೆ ಬರೆದದ್ದಕ್ಕೆ ಹೆಬ್ಬೆರಳು ಎತ್ತಿದವರು...

ಕೂಡಲೇ ಹರ್ಷಿತನಿಗೆ ಫೋನು ಮಾಡಿದಳು.

"ಹರ್ಷಿತ್, ನೀವು ಸೆಂಟರಿಗೆ ಹೋದದ್ದು ಯಾವತ್ತು?"

"ಅದು... ಮಂಗಳವಾರ ಇರ್ಬೇಕು. ಎಂಥ ಬಿಸಿಲು ಅಂತೀರಿ! ಆದ್ರೆ ನಿಮಗೋಸ್ಕರ ಅಲ್ವಾ, ಏನೂ ಅನ್ನಿಸ್ಲಿಲ್ಲ."

"ರಿಜಿಸ್ಟರಿನಲ್ಲಿ ರೋಹಿದಾಸ್ ಸಹಿ ಉಂಟು."

ಆ ಕಡೆ ಹರ್ಷಿತ್ ಕೆಮ್ಮಿದ.

"ಓ... ಅದಾ? ಏರ್‌ಪೋರ್ಟಲ್ಲಿ ವೇಟ್ ಜಾಸ್ತಿ ಆಯ್ತು. ಅವ ಹಿಡ್ಕೊಂಡ. ಯಾರು ಕೊಟ್ರೆ ಎಂತ ನವ್ಯಾ, ಕೆಲಸ ಆಯ್ತಲ್ಲ?"

"ಹೌದು, ಕೆಲಸ ಆಯ್ತು." ಅವಳ ಸ್ವರ ಶಾಂತವಾಗಿತ್ತು. "ಬಿಸಿಲಿನ ಕಥೆ ಮಾತ್ರ ಬೇಡ ಇತ್ತು. ನಾಳೆ ಊಟಕ್ಕೆ ಬರ್ಬೇಡಿ ಹರ್ಷಿತ್. ನಿಮ್ಮ ಮನೆಯವರಿಗೂ ನಾನು ಒಪ್ಪಲಿಲ್ಲ ಅಂತ ಹೇಳಿಬಿಡಿ."

ಮನೆಯಲ್ಲಿ ಅತ್ತಿಗೆ ತಲೆಗೆ ಕೈ ಇಟ್ಟುಕೊಂಡಳು. "ಎಂತದಿದು? ಎರಡು ಕಿಲೋ ಕೋಳಿ ತಂದಾಗಿದೆ! ರೊಟ್ಟಿ ಉಂಟು!"

ಅಣ್ಣ ಶೈಲೇಶ್ ಮಾತ್ರ ಫೋಟೋವನ್ನು ಬಹಳ ಹೊತ್ತು ನೋಡಿದ. ಇಡೀ ವರ್ಷದಲ್ಲಿ ಹತ್ತು ಮಾತಾಡುವ ಮನುಷ್ಯ.

"ರೋಹಿದಾಸ್ ಫೋನು ಸಿಗ್ತಾ ಇಲ್ಲ ಅಣ್ಣ. ಹತ್ತು ಸಲ ಮಾಡಿದೆ." ನವ್ಯಶ್ರೀ ಮೊಬೈಲು ಹಿಂದಕ್ಕೆ ತೆಗೆದುಕೊಂಡಳು. "ನಾನು ಎಷ್ಟು ಕೆಟ್ಟದಾಗಿ ಬರೆದೆ... ಅವರ ಮುಖ ನೋಡುವುದಾದ್ರೂ ಹೇಗೆ?"

"ಅವನ ರೂಮಿನವರ ಹತ್ರ ಕೇಳ್ದೆ. ಊರಿಂದ ಬಂದಾಗಿದೆಯಂತೆ. ಶುಕ್ರವಾರ ಬೆಳಿಗ್ಗೆಯೇ ಅವ ವಫ್ರಾಕ್ಕೆ ಹೋಗ್ತಾನಂತೆ," ಎಂದು ಶೈಲೇಶ್ ಕಾರಿನ ಕೀ ತೆಗೆದು ಮೇಜಿನ ಮೇಲೆ ಇಟ್ಟ. "ಏಳು ಗಂಟೆಗೆ ಹೊರಡುವಾ."

*

ವಫ್ರಾ ಎಂದರೆ ಕುವೈತಿನ ದಕ್ಷಿಣದ ಕೊನೆ. ದಾರಿಯುದ್ದಕ್ಕೂ ಮರಳು, ಅಲ್ಲಲ್ಲಿ ಒಂಟೆ, ಆಮೇಲೆ ಇದ್ದಕ್ಕಿದ್ದಂತೆ ಸಾಲು ಸಾಲು ಗ್ರೀನ್‌ಹೌಸುಗಳು. ಅಲ್ಲಿ ದುಡಿಯುವವರು ಅಲ್ಲೇ ತೋಟದಲ್ಲೇ ಇರುತ್ತಾರೆ. ಬಸ್ಸು ಸರಿಯಾಗಿಲ್ಲ, ಸಂಘವಿಲ್ಲ, ಯಾವ ವಾಟ್ಸಾಪ್ ಗ್ರೂಪಿನಲ್ಲೂ ಅವರ ಹೆಸರಿಲ್ಲ.

ಟೊಮೆಟೊ ಕ್ರೇಟುಗಳ ರಾಶಿಯ ಪಕ್ಕ, ತಗಡಿನ ಶೀಟಿನ ನೆರಳಿನಲ್ಲಿ ಹತ್ತು ಹದಿನೈದು ಜನ ಸುತ್ತ ಕುಳಿತಿದ್ದರು. ನಡುವೆ ರೋಹಿದಾಸ. ಎದುರಿಗೆ ಅವನ ಆ ದೊಡ್ಡ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು.

ಅವನು ಒಂದೊಂದೇ ಪೊಟ್ಟಣ ಎತ್ತಿ ಹೆಸರು ಕೂಗುತ್ತಿದ್ದ. ಒಬ್ಬನಿಗೆ ಹೆಂಡತಿ ಕಳಿಸಿದ ನಿಂಬೆ ಉಪ್ಪಿನಕಾಯಿ. ಒಬ್ಬನಿಗೆ ಊರಿನಲ್ಲೇ ಮಾಡಿಸಿದ ಕನ್ನಡಕ. ಇನ್ನೊಬ್ಬನಿಗೆ ಅಮ್ಮ ಹೊಲಿದ ದಿಂಬಿನ ಕವರು.

ನವ್ಯಶ್ರೀ ಕಾರಿನ ಬಾಗಿಲು ಹಿಡಿದು ಹಾಗೆಯೇ ನಿಂತುಬಿಟ್ಟಳು.

"ಯಾರು ಬೇಕು ಅಕ್ಕ?" ಬಿಳಿ ಗಡ್ಡದ ಒಬ್ಬರು ಎದ್ದು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು ಹಾಕಿದ ಕಾಗದ. "ನಾನು ಅಬ್ದುಲ್ ನಾಸಿರ್. ಉಪ್ಪಿನಂಗಡಿ ಹತ್ರ. ಇದು ನೋಡಿ, ನನ್ನ ಮಗಳು ಮುರ್ಶಿದಾಳ ಮಾರ್ಕ್ಸ್ ಕಾರ್ಡು! ಸೈನ್ಸಲ್ಲಿ ತೊಂಬತ್ತೊಂದು!"

"ಇದನ್ನೆಲ್ಲ... ರೋಹಿದಾಸ್ ತಂದದ್ದಾ?"

"ಮತ್ತೆ ಯಾರು? ತೋಟಕ್ಕೆ ಪೈಪು ಮಾರ್ಲಿಕ್ಕೆ ಬಂದವರು, ಆರು ವರ್ಷ ಆಯ್ತು. ಹೋಗುವಾಗ ನಮ್ಮದೇ ಮೂವತ್ತು ಕಿಲೋ, ಬರುವಾಗ ನಮ್ಮದೇ. ಅಲ್ಲಿ ಹೋಗಿ ಬೈಕಲ್ಲಿ ಮನೆಮನೆಗೆ ಕೊಟ್ಟು ಬರ್ತಾರೆ. ಹತ್ತು ದಿನ ರಜೆಯಲ್ಲಿ ಏಳು ದಿನ ನಮ್ಮದೇ ಕೆಲಸ! ಅವರ ಅಮ್ಮ ಬೈತಾರಂತೆ, ನೀನು ಬಂದದ್ದು ಯಾರ ಮನೆಗೆ ಅಂತ." ಅವರು ನಕ್ಕು ಕಣ್ಣೊರೆಸಿಕೊಂಡರು. "ನಮ್ಮದು ಯಾರು ಹಿಡೀತಾರೆ ಅಕ್ಕ? ನಮಗೆ ಯಾರ ಗುರ್ತ ಉಂಟು?"

ಇವರ ಗತ್ತೇ ಮೂವತ್ತು ಕಿಲೋ... ತಾನು ಬರೆದ ಸಾಲು ನೆನಪಾಗಿ ನವ್ಯಶ್ರೀ ನಾಚಿಕೆಯಿಂದ ಕುಗ್ಗಿಹೋದಳು.

ರೋಹಿದಾಸ ಅವಳನ್ನು ನೋಡಿದ. ಕೈಯಲ್ಲಿದ್ದ ಪೊಟ್ಟಣ ಹಾಗೆಯೇ ಉಳಿಯಿತು. ಮೆಲ್ಲನೆ ಎದ್ದು ಬಂದ.

"ಟೀಚರ್... ಇಷ್ಟು ದೂರ? ರಿಪೋರ್ಟಿಗೆ ಏನಾದ್ರೂ ತೊಂದರೆ ಆಯ್ತಾ?"

ಅವಳಿಗೆ ತಡೆಯಲಾಗಲಿಲ್ಲ. ಅಳುವೇ ಬಂದುಬಿಟ್ಟಿತು.

"ಯಾಕೆ ಹೇಳ್ಲಿಲ್ಲ ನೀವು? ಅವತ್ತು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಇವರದ್ದೆಲ್ಲ ಉಂಟು, ಅದಕ್ಕೆ ಜಾಗ ಇಲ್ಲ ಅಂತ?"

"ಹೇಳಿ ನೋಡಿದ್ದೇನೆ ಮೊದಲನೇ ವರ್ಷ." ಅವನು ಕೈಯ ದೂಳು ಒರೆಸಿಕೊಂಡ. "ಕಾರಣ ಹೇಳಿದ್ರೆ ಚೌಕಾಶಿ ಶುರು ಆಗ್ತದೆ. ಅವರದ್ದು ಮುಂದಿನ ಸಲ ಕೊಂಡುಹೋಗು, ಈ ಸಲ ನಮ್ಮದು ಹಿಡಿ ಅಂತಾರೆ. ಇವರಿಗೆ ಮುಂದಿನ ಸಲ ಅಂದ್ರೆ ಒಂದು ವರ್ಷ. ಬರೇ ಜಾಗ ಇಲ್ಲ ಅಂದ್ರೆ ಒಂದೇ ಬೈಗುಳ, ಖಲಾಸ್."

"ನಾನು ಬೈದದ್ದು ಒಂದೇ ಅಲ್ಲ. ಊರನ್ನೆಲ್ಲ ನಗಿಸಿದೆ. ನನ್ನನ್ನು ಕ್ಷಮಿಸ್ತೀರಾ ರೋಹಿದಾಸ್?"

"ಚಂದ ಬರೆದಿದ್ರಿ. ನನಗೂ ನಗು ಬಂತು." ಪೆಟ್ಟಿಗೆಯ ಕಡೆ ನೋಡುತ್ತ ಹೇಳಿದ, "ಆಮೇಲೆ ಬೇಜಾರೂ ಆಯ್ತು. ಬೇರೆ ಯಾರು ಬರೆದಿದ್ರೂ ಆಗ್ತಿರ್ಲಿಲ್ಲ."

ನವ್ಯಶ್ರೀ ಕಣ್ಣೆತ್ತಿದಳು. ಬೇರೆ ಯಾರು ಬರೆದಿದ್ದರೂ...?

"ಬೇಜಾರಾದ್ರೂ ಯಾಕೆ ಹಿಡ್ಕೊಂಡು ಹೋದ್ರಿ? ಎರಡು ವರ್ಷದ ಕೆಲಸ ಅದು. ನೀವು ಇಲ್ಲದಿದ್ರೆ ಹೋಗಿಯೇ ಬಿಡ್ತಿತ್ತು."

"ಅದಕ್ಕೇ. ರಿಹರ್ಸಲ್ ಆಗ್ತಾ ಇರುವಾಗ್ಲೂ ಮೂಲೆಯಲ್ಲಿ ಕೂತು ಬರೀತಿದ್ರಲ್ಲ... ನಾನು ನೋಡ್ತಿದ್ದೆ."

"ಓದಿದ್ರಾ ನಿಜವಾಗಿ?"

"ವಿಮಾನದಲ್ಲಿ ಶುರು ಮಾಡ್ದೆ. ಡಿಕ್ಷನರಿ ಹಿಡ್ಕೊಂಡು ಮೂರು ದಿನ. ಅರ್ಧ ಅರ್ಥ ಆಯ್ತು, ಇನ್ನರ್ಧ ನೀವು ಹೇಳಿಕೊಡ್ಬೇಕು." ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಅರವತ್ತಮೂರನೇ ಪುಟ ತಲೆಕೆಳಗಾಗಿ ಬೈಂಡ್ ಆಗಿತ್ತು. ಹಂಪನಕಟ್ಟೆಯ ಬೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿ ಸರಿ ಮಾಡಿಸಿ ಕೊಟ್ಟೆ."

ನವ್ಯಶ್ರೀ ಅಳುತ್ತಲೇ ನಕ್ಕಳು. ತನ್ನ ಪ್ರಬಂಧವನ್ನು ಅಣ್ಣ ಓದಿರಲಿಲ್ಲ, ಅತ್ತಿಗೆ ಓದಿರಲಿಲ್ಲ. ಪ್ರಸಾದ ಎಂದು ಎರಡೂ ಕೈಯಿಂದ ತೆಗೆದುಕೊಂಡವನು ಕಟ್ಟು ಕೂಡ ಬಿಚ್ಚಿರಲಿಲ್ಲ.

"ಆ ದೋಣಿಯವನ ಭಾಗ ಇಷ್ಟ ಆಯ್ತು," ಎಂದ ರೋಹಿದಾಸ. "ಅವ ಯಾಕೆ ತನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ ಅಂತ ನೀವು ಕೇಳಿದ್ದೀರಲ್ಲ? ಪಾಪ, ಅವನಿಗೆ ಪುರುಸೊತ್ತೆಲ್ಲಿ ಉಂಟು? ಹೊಳೆಯಲ್ಲಿ ನೆರೆ."

ಎಂಬತ್ತನಾಲ್ಕು ಪುಟದಲ್ಲಿ ತನಗೆ ಹೊಳೆಯದ ಉತ್ತರ! ಅವಳು ಅವನನ್ನೇ ನೋಡುತ್ತ ನಿಂತಳು. ಹಿಂದೆ ಶೈಲೇಶ್ ಆಕಾಶ ನೋಡುತ್ತ ದೂರ ಸರಿದ. ನಾಸಿರ್ ಕೂಡ ಇದ್ದಕ್ಕಿದ್ದಂತೆ ಟೊಮೆಟೊ ಆರಿಸುವುದರಲ್ಲಿ ಮಗ್ನರಾದರು.

"ಒಂದು ಕೇಳ್ತೇನೆ, ನಿಜ ಹೇಳ್ಬೇಕು," ಎಂದಳು ನವ್ಯಶ್ರೀ ಮೆಲ್ಲನೆ. "ರಿಜಿಸ್ಟರಿನಲ್ಲಿ ಸಂಬಂಧ ಅಂತ ಇತ್ತಲ್ಲ. ಓದುಗ ಅಂತ ಯಾಕೆ ಬರೆದ್ರಿ?"

ಅವನ ಕಿವಿ ಕೆಂಪಾಯಿತು. ಆರು ವರ್ಷ ಇಡೀ ಸಂಘದ ಬೈಗುಳಕ್ಕೆ ಜಗ್ಗದವನು ಈಗ ಕಾಲಿನಿಂದ ಮರಳು ಕೆದಕತೊಡಗಿದ.

"ಖಾಲಿ ಬಿಡ್ಲಿಕ್ಕೆ ಆ ಕ್ಲರ್ಕ್ ಬಿಡ್ಲಿಲ್ಲ. ಸುಳ್ಳು ಬರೀಲಿಕ್ಕೆ ಮನಸ್ಸು ಬರ್ಲಿಲ್ಲ..."

"ಮತ್ತೆ?"

"ನಿಜ ಬರೀಲಿಕ್ಕೆ ಧೈರ್ಯ ಬರ್ಲಿಲ್ಲ."

"ನಿಜ ಏನು ರೋಹಿದಾಸ್?"

ಅವನು ತಲೆ ಎತ್ತಿದ. ಅವತ್ತು ಹಾಲಿನಲ್ಲಿ ಹೇಳದೆ ಉಳಿದದ್ದು ಈಗಲೂ ಆ ಕಣ್ಣುಗಳಲ್ಲಿ ಇತ್ತು.

"ನಿಮ್ಮನ್ನು ಇಷ್ಟಪಡುವವನು ಅಂತ ಬರೆಯುವ ಕಾಲಂ ಅದಲ್ಲ ಟೀಚರ್. ಎರಡು ವರ್ಷ ಆಯ್ತು. ಅವತ್ತು ನಿಮ್ಮ ಹತ್ರ ಜಾಗ ಇಲ್ಲ ಅನ್ನುವಾಗ ನನಗೆ ಎಷ್ಟು ಸಂಕಟ ಆಯ್ತು ಅಂತ ನನಗೇ ಗೊತ್ತು."

ನವ್ಯಶ್ರೀ ಕಣ್ಣು ಮುಚ್ಚಿಕೊಂಡಳು. ಎದೆಯೊಳಗಿನ ಆ ಖಾಲಿ ಖಾಲಿ ಎಲ್ಲಿ ಹೋಯಿತು?

ಅಷ್ಟರಲ್ಲಿ ಅವಳ ಮೊಬೈಲು ಕೂಗಿತು. ಅತ್ತಿಗೆ! ಸ್ಪೀಕರಿನ ಅಗತ್ಯವೇ ಇಲ್ಲದ ಸ್ವರ.

"ಸಿಕ್ಕಿದನಾ ಅವ? ಹಾಗಾದ್ರೆ ಊಟಕ್ಕೆ ಕರ್ಕೊಂಡೇ ಬಾ! ಎರಡು ಕಿಲೋ ಕೋಳಿ ನಾನೊಬ್ಳೇ ತಿನ್ಲಿಕ್ಕಾ?"

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೂ ಕಣ್ಣು ಕದಲಿಸಲಿಲ್ಲ.

"ಬರ್ತೀರಾ?"

"ಇನ್ನೂ ನಾಲ್ಕು ಪೊಟ್ಟಣ ಕೊಡ್ಲಿಕ್ಕುಂಟು."

"ಕೊಡಿ. ನಾನು ಹೆಸರು ಕೂಗ್ತೇನೆ." ಅವಳು ಸೆರಗಿನ ಹಾಗೆ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ಟಿಗೆಯ ಪಕ್ಕ ಕುಳಿತಳು. ಒಂದು ಪೊಟ್ಟಣ ಎತ್ತಿ, ಮತ್ತೆ ಕೆಳಗಿಟ್ಟಳು.

"ರೋಹಿದಾಸ್, ಮುಂದಿನ ವರ್ಷ ನನ್ನ ಸರ್ಟಿಫಿಕೇಟು ತರ್ಲಿಕ್ಕುಂಟು. ಅದನ್ನು ಬೇರೆಯವರು ಬಂದ್ರೆ ಕೊಡುವುದಿಲ್ಲವಂತೆ, ಮನೆಯವರೇ ಆಗ್ಬೇಕಂತೆ. ಅಲ್ಲಿಯೂ ಅದೇ ಕಾಲಂ."

"ಹೂಂ..."

"ಅಷ್ಟರಲ್ಲಿ ಅಲ್ಲಿ ಗಂಡ ಅಂತ ಬರೀಲಿಕ್ಕೆ ನಿಮಗೆ ಧೈರ್ಯ ಬರ್ಬಹುದಾ?"

ಅವನ ಕಣ್ಣು ಒದ್ದೆಯಾಗಿತ್ತು. ಹೌದೆಂದು ತಲೆಯಾಡಿಸಿದ, ಇನ್ನೊಮ್ಮೆ ಆಡಿಸಿದ.

"ಮತ್ತೆ ನನ್ನ ಸರ್ಟಿಫಿಕೇಟಿಗೆ?" ಅವಳು ತುಟಿಯಂಚಿನಲ್ಲಿ ನಗು ಅದುಮಿಕೊಂಡಳು. "ನಿಮ್ಮ ಪೆಟ್ಟಿಗೆಯಲ್ಲಿ ಜಾಗ ಉಂಟಾ?"

"ಪೆಟ್ಟಿಗೆ ಇವರದ್ದು," ಎಂದ ರೋಹಿದಾಸ. "ನಿಮಗೆ ಬೇಕಾದ್ರೆ ನಾನು ನಾಲ್ಕು ಶರ್ಟು ಹಾಕಿಕೊಳ್ತೇನೆ."